ಅವಳನ್ನೇ ಕೇಳಿಕೊಂಡು ಬರುವ ಗ್ರಾಹಕರು

ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಪುಟ್ಟ ಅಂಗಡಿ, ಒಬ್ಬ ಮಾಲೀಕ, ಕೆಲಸಕ್ಕೆ ಒಬ್ಬರು, ಇಬ್ಬರ ನಡುವೆ ಬಿಗುವು. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆತ ಇದ್ದ ಕೆಲಸ ಬಿಟ್ಟು ವೈನ್ ಅಂಗಡಿ ತೆರೆದವರು. ಸಣ್ಣ ತೋಟಗಳಲ್ಲಿ ತಯಾರಾದ ವೈನ್ ಮಾತ್ರ ಇಡುತ್ತಿದ್ದರು. ಉಳಿತಾಯವೆಲ್ಲ ಬಾಟಲಿಗಳಲ್ಲೇ ಕೂತಿತ್ತು. 12 ಬಾಟಲಿಯ ಪೆಟ್ಟಿಗೆ ಸುಮಾರು 15 ಕಿಲೋ ತೂಗುತ್ತದೆ. ಎತ್ತಿಡುವುದು, ಲೆಕ್ಕ ಬರೆಯುವುದು, ಮಾರುವುದು ಎಲ್ಲ ಒಬ್ಬರಿಂದಾಗದೆ ಒಬ್ಬ ಯುವತಿಯನ್ನು ಸೇರಿಸಿಕೊಂಡರು. ಆಮೇಲೆ ನಿದ್ದೆ ಕೆಟ್ಟಿತು.

ಮದ್ಯದ ವ್ಯಾಪಾರದವರು ಬಂದರೆ ನಾನು ಮೊದಲು ಕೇಳುವುದು ಕುಡಿತದ ಬಗ್ಗೆ. ರುಚಿ ನೋಡಿ ಉಗುಳುತ್ತೇನೆ ಎಂದರು. ಉಗುಳಿದರೂ ಸ್ವಲ್ಪ ಮೈಗೆ ಸೇರುತ್ತದೆ, ದಿನವಿಡೀ ರುಚಿ ನೋಡಬೇಡಿ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ ಎಂದೆ. ಒಪ್ಪಿದರು. ನಿದ್ದೆ ಮಾತ್ರ ಬರಲಿಲ್ಲ.

ಮುಂದಿನ ಭೇಟಿಯಲ್ಲಿ, "ಅವಳಿಗೆ ಏನೂ ಗೊತ್ತಿಲ್ಲ ಮೇಡಂ, ತೆಗೆದುಬಿಡ್ತೀನಿ" ಎಂದರು. ಒಂದು ಉದಾಹರಣೆ ಕೊಡಿ ಎಂದೆ. ಮೀನಿನ ಊಟಕ್ಕೆ ವೈನ್ ಬೇಕೆಂದು ಒಬ್ಬರು ಬಂದಿದ್ದರಂತೆ. ಅವಳು ಪಿನೋ ನ್ವಾರ್ ಎಂಬ ಕೆಂಪು ವೈನ್ ತೋರಿಸಿದಳು. ಇವರು ನಡುವೆ ನುಗ್ಗಿ, ಮೀನಿಗೆ ಬಿಳಿ ವೈನ್ ಅಲ್ವಾ ಎಂದು ಶಾರ್ಡೊನೆ ಕೈಗಿಟ್ಟರು. ಗ್ರಾಹಕ ಏನಂದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. "ಬಿಳಿ ವೈನ್ ನನಗೆ ಹಿಡಿಸಲ್ಲ ಅಂತ ಅವರಿಗೆ ಆಗಲೇ ಹೇಳಿದೀನಿ ಅಂದ್ರು."

ಪಿನೋ ನ್ವಾರ್ ಹಗುರವಾದ ಕೆಂಪು ವೈನ್, ಬಾಯಿ ಒಗರಾಗಿಸುವ ಟ್ಯಾನಿನ್ ಅಂಶ ಕಡಿಮೆ. ಸಾಲ್ಮನ್‌ನಂಥ ಕೊಬ್ಬಿನ ಮೀನಿಗೆ ಚೆನ್ನಾಗಿಯೇ ಒಗ್ಗುತ್ತದೆ. ಇದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವಳು ಗ್ರಾಹಕನನ್ನು ಕೇಳಿ ತಿಳಿದುಕೊಂಡಿದ್ದಳು, ಇವರು ಕೇಳಿರಲಿಲ್ಲ, ಅಷ್ಟೇ. ನಾನು ಬಾಯಿಬಿಡಲಿಲ್ಲ. ಅವರೇ ಮೆಲ್ಲಗೆ ಹೇಳಿದರು: "ಈಗೀಗ ಜನ ಅವಳನ್ನೇ ಕೇಳಿಕೊಂಡು ಬರ್ತಾರೆ. ಅವಳು ರಜೆ ಅಂದ್ರೆ ನಾಳೆ ಬರ್ತೀವಿ ಅಂತ ಹೊರಟುಬಿಡ್ತಾರೆ. ಅಂಗಡಿ ಕಟ್ಟಿದ್ದು ನಾನಲ್ವಾ?"

ಅಲ್ಲಿಗೆ ದೂರು ತಿರುಗಿಬಿತ್ತು. ಅವಳು ಕೆಲಸದಲ್ಲಿ ಹಿಂದೆ ಎಂಬ ಚಿಂತೆ ಅವರಿಗಿರಲಿಲ್ಲ. ಮುಂದಿದ್ದಾಳೆ ಎಂಬುದೇ ಚಿಂತೆ. ಕಲಿತುಕೊಂಡು ಹೋಗಿ ಸ್ವಂತ ಅಂಗಡಿ ಇಟ್ಟರೆ ಎಂಬ ಭಯವೂ ಇತ್ತು. ಇಟ್ಟರೂ ಇಡಬಹುದು ಎಂದೆ. ಸುಳ್ಳು ಸಮಾಧಾನ ಹೇಳುವುದು ನನಗೆ ಸರಿಕಾಣದು.

ಕೊಟ್ಟ ಸಲಹೆ ಇದು. ಒಂದು ಕಪಾಟು ಪೂರ್ತಿ ಅವಳ ಆಯ್ಕೆಗೆ ಬಿಡಿ. ವಾರಕ್ಕೊಂದು ದಿನ ಅಂಗಡಿಯ ಕಡೆ ಹೋಗಲೇಬೇಡಿ, ಬೀಗದ ಕೈ ಅವಳ ಹತ್ತಿರ ಇರಲಿ. ತಪ್ಪು ಕಂಡರೆ ಗ್ರಾಹಕರು ಹೋದ ಮೇಲೆ ಹೇಳಿ. ಬಾಗಿಲು ತೆರೆಯುವ ಮೊದಲು ಇಬ್ಬರೂ ಕೂತು ಹೊಸ ಬಾಟಲಿಗಳ ರುಚಿ ನೋಡಿ, ಮೊದಲ ಮಾತು ಅವಳದಾಗಲಿ.

ಇದು ವ್ಯಾಪಾರದ ಸಲಹೆ, ಆಪ್ತಸಲಹೆಯಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಭಯ ಹುಟ್ಟಿದ್ದು ಅಂಗಡಿಯಲ್ಲಿ, ಗ್ರಾಹಕರ ಎದುರು. ನನ್ನ ಕೋಣೆಯ ಕುರ್ಚಿಯಲ್ಲಿ ಕೂತು ಮಾತಾಡಿದರಷ್ಟೇ ಅದು ಹೋಗುವುದಿಲ್ಲ. ಅಲ್ಲೇ ಎದುರಿಸಬೇಕು. ಮೊದಲ ರಜೆಯ ದಿನ ಅವರು ಅಂಗಡಿಗೆ ಫೋನ್ ಮಾಡುತ್ತಲೇ ಇದ್ದರು. ಬರಬರುತ್ತಾ ಕಡಿಮೆಯಾಯಿತು, ನಿದ್ದೆಯೂ ಸುಧಾರಿಸಿತು. ಖರೀದಿಯ ತೀರ್ಮಾನ ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ. ಹಾಕಿದ ಹಣ ಅವರದು, ಆ ಹಿಂಜರಿಕೆ ನ್ಯಾಯವೇ.

ನೀವು ಆ ಯುವತಿಯ ಜಾಗದಲ್ಲಿದ್ದರೆ, ಗ್ರಾಹಕರ ಮುಂದೆ ವಾದಕ್ಕಿಳಿಯಬೇಡಿ. ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಲೂಬೇಡಿ. ಮರುದಿನ ಅಂಗಡಿ ತೆರೆಯುವ ಮೊದಲೇ, "ನಿನ್ನೆ ನನ್ನನ್ನು ಎಲ್ಲರೆದುರು ತಿದ್ದಿದ್ದು ಬೇಜಾರಾಯಿತು" ಎಂದು ನೇರವಾಗಿ ಹೇಳಿ.