ಗಂಗಾವಳಿಯಲ್ಲಿ ಮುಳುಗಿದ ಲಾರಿ ಹುಡುಕುವುದು ಅಷ್ಟು ಕಷ್ಟವಾದದ್ದು ಯಾಕೆ? ನೀರೊಳಗಿನ ಸೆನ್ಸರ್ ಸಂಶೋಧಕರು ನಿಜವಾಗಿ ಮಾಡುವುದೇನು?

ನೀವು ಎರಡು ವಿಷಯ ಕೇಳಿದ್ದೀರಿ. ಇಷ್ಟೆಲ್ಲ ಉಪಗ್ರಹ, ಡ್ರೋನ್, ಸೋನಾರ್ (ಶಬ್ದದ ಪ್ರತಿಧ್ವನಿಯಿಂದ ನೀರೊಳಗೆ ನೋಡುವ ಉಪಕರಣ) ಇದ್ದರೂ 2024ರಲ್ಲಿ ಅಂಕೋಲಾ ಬಳಿಯ ಶಿರೂರು ಗುಡ್ಡಕುಸಿತದಲ್ಲಿ ಗಂಗಾವಳಿ ನದಿಗೆ ಬಿದ್ದ ಲಾರಿ ಸಿಗಲು ಎರಡು ತಿಂಗಳು ದಾಟಿದ್ದು ಯಾಕೆ ಎನ್ನುವುದು ಒಂದು. ಕಾರವಾರದಲ್ಲಿ ಬಿಎಸ್ಸಿ ಓದುತ್ತಿರುವ ನೀವು ಮುಂದೆ ಈ ಸಂಶೋಧನೆಗೆ ಬಂದರೆ ಅಲ್ಲಿ ಎಂಥ ಕೆಲಸ ಇರುತ್ತದೆ ಎನ್ನುವುದು ಇನ್ನೊಂದು. ನಾನು ಅಂಕೋಲಾ ಕಡೆಯವನು, ನೀರೊಳಗಿನ ಶಬ್ದದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. ಆ ಶೋಧ ತಂಡದಲ್ಲಿ ನಾನು ಇರಲಿಲ್ಲ. ಆದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಿದರೆ ಎರಡನೆಯದಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಉಪಗ್ರಹದ ಮಾತು ಮೊದಲು ಬಿಟ್ಟುಬಿಡೋಣ. ರೇಡಿಯೋ ಅಲೆ ನೀರಿನೊಳಗೆ ಹೆಚ್ಚು ಇಳಿಯುವುದಿಲ್ಲ. ನಮ್ಮ ವೈಫೈ ಬಳಸುವ ಅಲೆ ಸಮುದ್ರದ ನೀರಿನಲ್ಲಿ ಕೆಲವೇ ಸೆಂಟಿಮೀಟರ್‌ಗಳಲ್ಲಿ ಮುಗಿದುಹೋಗುತ್ತದೆ, ಜಿಪಿಎಸ್ ಕತೆಯೂ ಅದೇ. ಬೆಳಕು ತಿಳಿನೀರಿನಲ್ಲಾದರೆ ಹತ್ತಾರು ಮೀಟರ್ ಹೋದೀತು. ನೇತ್ರಾಣಿಯ ಸುತ್ತ ಸ್ಕೂಬಾ ಮಾಡುವವರಿಗೆ ಹವಳ ಕಾಣುವುದು ಅದರಿಂದಲೇ. ಜುಲೈ ತಿಂಗಳ ಗಂಗಾವಳಿಯಲ್ಲಿ ಮೊಣಕೈವರೆಗೆ ಕೈ ಅದ್ದಿದರೆ ಬೆರಳು ಕಾಣುವುದಿಲ್ಲ. ಇನ್ನು ಉಳಿಯುವುದು ಶಬ್ದ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಶಬ್ದ ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರ್ ಹೋಗುತ್ತದೆ. ದೂರಕ್ಕೂ ತಲುಪುತ್ತದೆ. ನೀರೊಳಗಿನ ಸಂವೇದನೆ ಎಂದರೆ ಬಹುಮಟ್ಟಿಗೆ ಈ ಶಬ್ದದ ಜತೆಗಿನ ಗುದ್ದಾಟ.

ಈಗ ಶಿರೂರಿಗೆ ಬನ್ನಿ. ಜುಲೈ 16ರಂದು ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ನದಿಗೂ ಇಳಿಯಿತು. ಮೊದಲ ದಿನಗಳಲ್ಲಿ ಲಾರಿ ರಸ್ತೆಯ ಮಣ್ಣಿನಡಿ ಇರಬಹುದೆಂದು ಅಲ್ಲೇ ಹುಡುಕಿದರು, ನೆಲದೊಳಗೆ ನೋಡುವ ರೇಡಾರ್ ಕೂಡ ತಂದರು. ಒಣ ಮರಳಿನಲ್ಲಿ ಆ ರೇಡಾರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆ ಕುಡಿದ ಕೆಂಪು ಜೇಡಿಮಣ್ಣು ಅದರ ಅಲೆಯನ್ನು ಹೀರಿಕೊಳ್ಳುತ್ತದೆ. ಆಮೇಲೆ ನದಿಯಲ್ಲಿ ಸೋನಾರ್, ಲೋಹ ಪತ್ತೆ ಉಪಕರಣ, ಡ್ರೋನ್ ಎಲ್ಲ ಬಂದವು. ಲೋಹದ ಸುಳಿವು ಜುಲೈ ಕೊನೆಯೊಳಗೇ ಸಿಕ್ಕಿತ್ತು. ಲಾರಿ ಮೇಲೆ ಬಂದದ್ದು, ಗೋವಾದಿಂದ ಹೂಳೆತ್ತುವ ಡ್ರೆಜ್ಜರ್ ತರಿಸಿದ ಮೇಲೆ, ಸೆಪ್ಟೆಂಬರ್ 25ಕ್ಕೆ.

ಸುಳಿವು ಸಿಕ್ಕಿದ್ದಕ್ಕೂ ಲಾರಿ ಸಿಕ್ಕಿದ್ದಕ್ಕೂ ನಡುವಿನ ಆ ಅಂತರದಲ್ಲೇ ನಮ್ಮ ಸಂಶೋಧನೆಯ ಎಲ್ಲ ಕಷ್ಟಗಳೂ ಇವೆ. ಸೈಡ್ ಸ್ಕ್ಯಾನ್ ಸೋನಾರ್ ತಳದ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ, ಹೂಳಿನ ಕೆಳಗಿರುವುದನ್ನಲ್ಲ. ಹೂಳಿನೊಳಗೆ ಇಳಿಯಬೇಕಾದರೆ ಕಡಿಮೆ ಕಂಪನಾಂಕದ ಶಬ್ದ ಬೇಕು, ಆಗ ಚಿತ್ರ ಮಸುಕಾಗುತ್ತದೆ. ಮಣ್ಣಿನ ಜತೆ ಬಂಡೆ, ಮರದ ದಿಮ್ಮಿ ಬಿದ್ದಿದ್ದರೆ ಪ್ರತಿಯೊಂದರಿಂದಲೂ ಪ್ರತಿಧ್ವನಿ ಬರುತ್ತದೆ. ಕಾಂತಕ್ಷೇತ್ರದ ಸಂವೇದಕ (ಸೆನ್ಸರ್) ಕಬ್ಬಿಣ ಇದೆ ಎಂದು ಹೇಳುತ್ತದೆ, ಅದು ಲಾರಿಯೋ ವಿದ್ಯುತ್ ಕಂಬವೋ ಹೇಳುವುದಿಲ್ಲ. ದೂರ ಎರಡು ಪಟ್ಟಾದರೆ ಅದರ ಸಂಕೇತ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊನೆಗೆ ಮನುಷ್ಯನೇ ಇಳಿದು ಮುಟ್ಟಿ ನೋಡಬೇಕು. ಸೆಳೆತ 2 ನಾಟ್ (ಗಂಟೆಗೆ ಸುಮಾರು 3.7 ಕಿಲೋಮೀಟರ್) ದಾಟಿದರೆ ಮುಳುಗುತಜ್ಞರಿಗೆ ಅಲ್ಲಿ ನಿಂತು ಕೆಲಸ ಮಾಡುವುದೇ ಕಷ್ಟ. ನೀರಿನ ವೇಗ ಮೂರು ಪಟ್ಟಾದರೆ ಮೈಮೇಲಿನ ಒತ್ತಡ ಒಂಬತ್ತು ಪಟ್ಟಾಗುತ್ತದೆ. ಮಳೆಗಾಲದ ಗಂಗಾವಳಿಯಲ್ಲಿ ಇಳಿಯಲು ಆಗಲಿಲ್ಲ ಎಂದರೆ ಅದು ಯಾರ ಧೈರ್ಯದ ಕೊರತೆಯೂ ಅಲ್ಲ. ಆ ದಿನಗಳಲ್ಲಿ ಟಿವಿಯಲ್ಲಿ ಕೂತು ತಪ್ಪು ಹುಡುಕಿದವರ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಗಿತ್ತು.

ಆಳ ಹೆಚ್ಚಾದಷ್ಟೂ ಕಷ್ಟ ಹೆಚ್ಚು ಎಂದು ಎಲ್ಲರೂ ತಿಳಿದಿರುತ್ತಾರೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಯಂತ್ರ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಆಳಕ್ಕೆ ಹೋಗಿ ಬಂತು. ಅದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ, ಅದನ್ನು ತಾಳುವ ಕವಚ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ಅಲ್ಲಿನ ಒತ್ತಡವನ್ನು ಮೊದಲೇ ಲೆಕ್ಕ ಹಾಕಬಹುದು, ನೀರು ತಿಳಿಯಾಗಿರುತ್ತದೆ, ಸೆಳೆತ ಕಡಿಮೆ. ನಮ್ಮ ಅಳಿವೆಗಳಲ್ಲಿ ಆರು ತಾಸಿಗೊಮ್ಮೆ ಎಲ್ಲವೂ ಬದಲಾಗುತ್ತದೆ.

ಕಾಳಿ ನದಿ ಸಮುದ್ರ ಸೇರುವ ಜಾಗವನ್ನೇ ತೆಗೆದುಕೊಳ್ಳಿ, ನಿಮ್ಮ ಕಾಲೇಜಿನಿಂದ ದೂರವೇನಲ್ಲ. ಹೊಳೆಯ ಸಿಹಿನೀರು ಹಗುರ, ಮೇಲೆ ಹರಿಯುತ್ತದೆ. ಉಬ್ಬರದ ಉಪ್ಪುನೀರು ಭಾರ, ಕೆಳಗಿನಿಂದ ನುಗ್ಗುತ್ತದೆ. ಒಂದೇ ಉಷ್ಣತೆಯಲ್ಲೂ ಉಪ್ಪುನೀರಿನಲ್ಲಿ ಶಬ್ದ ಸೆಕೆಂಡಿಗೆ 35 ಮೀಟರಿನಷ್ಟು ಹೆಚ್ಚು ವೇಗವಾಗಿ ಹೋಗುತ್ತದೆ. ಶಬ್ದ ಯಾವಾಗಲೂ ನಿಧಾನದ ಕಡೆಗೆ ಬಾಗುವುದರಿಂದ, ಅಡ್ಡಕ್ಕೆ ಬಿಟ್ಟ ಶಬ್ದ ಮೇಲಿನ ಸಿಹಿನೀರಿನ ಪದರದಲ್ಲೇ ಸಿಕ್ಕಿಕೊಳ್ಳಬಹುದು. ಕೆಳಗೆ ಏನಿದ್ದರೂ ಸೋನಾರ್‌ಗೆ ಗೊತ್ತಾಗುವುದಿಲ್ಲ. ನೀರು ಆಳವಿಲ್ಲದ ಕಾರಣ ಅದೇ ಶಬ್ದ ಮೇಲ್ಮೈಗೂ ತಳಕ್ಕೂ ಬಡಿದು ಹತ್ತಾರು ದಾರಿಗಳಿಂದ ಬಂದು ಸೇರುತ್ತದೆ, ಯಾವುದು ನಿಜ ಯಾವುದು ಪ್ರತಿಧ್ವನಿ ಎಂದು ಬಿಡಿಸಬೇಕು. ಇದರ ಮೇಲೆ ಶೆಟ್ಲಿಯ (ಸಿಗಡಿಯ) ಸಂಬಂಧಿಯಾದ ಸ್ನ್ಯಾಪಿಂಗ್ ಶ್ರಿಂಪ್ ಎಂಬ ಪುಟ್ಟ ಜೀವಿಯ ಗಲಾಟೆ. ಅದು ತನ್ನ ಇಕ್ಕಳದಂಥ ಕೊಂಡಿಯನ್ನು ಎಷ್ಟು ಜೋರಾಗಿ ಮುಚ್ಚುತ್ತದೆಂದರೆ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ಸದ್ದು ಬರುವುದು ಆ ಗುಳ್ಳೆ ಒಡೆದದ್ದರಿಂದ. ಬೆಚ್ಚಗಿನ ಕರಾವಳಿಯ ನೀರಿಗೆ ಹೈಡ್ರೋಫೋನ್ (ನೀರೊಳಗಿನ ಮೈಕ್) ಇಳಿಸಿ ಕಿವಿಗೊಟ್ಟರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಬಿಡದೆ ಕೇಳುತ್ತದೆ. ಈ ಸದ್ದಿನೊಳಗಿಂದ ಡಾಲ್ಫಿನ್‌ನ ಸೀಟಿಯನ್ನೋ ದೋಣಿಯ ಎಂಜಿನ್ನನ್ನೋ ಹೆಕ್ಕಿ ತೆಗೆಯುವ ಗಣಿತ ನನಗೆ ತುಂಬ ಇಷ್ಟದ ಕೆಲಸ.

ಸಂಶೋಧಕರ ದಿನಚರಿ ಎಂದರೆ ಇಂಥವೇ. ಸಂವೇದಕಕ್ಕೆ ಕೆಲವೇ ವಾರಗಳಲ್ಲಿ ಪಾಚಿ, ಬಾರ್ನಕಲ್ ಎಂಬ ಚಿಪ್ಪಿನ ಪುಟ್ಟ ಜೀವಿ ಅಂಟಿ ಅಳತೆ ತಪ್ಪುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಒಬ್ಬರು ನೋಡುತ್ತಾರೆ. ಬ್ಯಾಟರಿ ಉಳಿಸುತ್ತ ಶಬ್ದದ ಮೂಲಕವೇ ದತ್ತಾಂಶ ಕಳಿಸುವುದು ಹೇಗೆ ಎಂದು ಇನ್ನೊಬ್ಬರು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಮಾಯಾ ಎಂಬ ತಾನೇ ಸಾಗುವ ಸಣ್ಣ ಜಲವಾಹನ ಮಾಡಿದರು. ಹೊನ್ನಾವರ, ಕಾರವಾರಗಳ ಎದುರು ಅಲೆ ಅಳೆಯುವ ತೇಲುಬುರುಡೆ (ಬೋಯ್) ಬಿಟ್ಟು ಮಳೆಗಾಲದ ಅಲೆಗಳನ್ನೂ ದಾಖಲಿಸಿದರು. ಆ ಬುರುಡೆಯೊಳಗಿನ ಸಂವೇದಕ ಅಳೆಯುವುದು ಏರಿಳಿತದ ವೇಗೋತ್ಕರ್ಷವನ್ನು, ಅದರಿಂದ ಅಲೆಯ ಎತ್ತರವನ್ನು ಲೆಕ್ಕ ಹಾಕುತ್ತಾರೆ. ಬಂದರಿನ ತಡೆಗೋಡೆ ಎಷ್ಟು ದಪ್ಪ ಇರಬೇಕು, ಯಾವ ಊರಿನ ದಂಡೆ ಕೊರೆದುಹೋಗುತ್ತದೆ ಎಂದು ಹೇಳಲು ಇಂಥ ವರ್ಷಗಟ್ಟಲೆಯ ಅಳತೆಯೇ ಬೇಕು. ಸುದ್ದಿಯಾಗದ ಈ ಕೆಲಸಕ್ಕೆ ಹಣ ಕಡಿಮೆ. ನನ್ನ ಪ್ರಕಾರ ಹೊಸ ಯಂತ್ರ ಕೊಳ್ಳುವುದಕ್ಕಿಂತ ಇದೇ ತುರ್ತಿನದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಅಳಿವೆಗಳ ತಳದ ನಕ್ಷೆ ಪ್ರತಿ ಬೇಸಿಗೆಯಲ್ಲೂ ಸಿದ್ಧವಿದ್ದರೆ, ದುರಂತವಾದ ಮರುದಿನ ಹೊಸ ಸೋನಾರ್ ಚಿತ್ರವನ್ನು ಅದರ ಪಕ್ಕ ಇಟ್ಟು ಹೊಸದಾಗಿ ಏನು ಬಿದ್ದಿದೆ ಎಂದು ನೋಡಬಹುದು.

ಓದಿನ ವಿಚಾರ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಯಾವುದಿದ್ದರೂ ಸಾಕು, ಸಿಗ್ನಲ್ ಪ್ರೊಸೆಸಿಂಗ್ ಮತ್ತು ಪ್ರೋಗ್ರಾಮಿಂಗ್ ಈಗಲೇ ಹಿಡಿಯಿರಿ. ಸುರತ್ಕಲ್‌ನ ಎನ್‌ಐಟಿಕೆ, ಐಐಟಿ ಮದ್ರಾಸ್‌ಗಳಲ್ಲಿ ಸಾಗರ ಎಂಜಿನಿಯರಿಂಗ್ ವಿಭಾಗಗಳಿವೆ. ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ನೀರೊಳಗಿನ ಶಬ್ದದ ಕೆಲಸ ಹಳೆಯದು. ಜೀವಶಾಸ್ತ್ರದ ಕಡೆ ಒಲವಿದ್ದರೆ ನಿಮ್ಮ ಊರಿನ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿರುತ್ತವೆ, ಬೋಟು ನಡೆಸುವ ತಾಂಡೇಲರಿಗೆ ಮಾತಾಡಲು ಪುರಸೊತ್ತಿರುತ್ತದೆ. ಕಾರವಾರದ ಬೈತಕೋಲ ಬಂದರಿಗೆ ಹೋಗಿ ಯಾರನ್ನಾದರೂ ಕೇಳಿ ಬೋಟಿನ ಫಿಶ್ ಫೈಂಡರ್ ನೋಡಿ. ಅದೂ ಸೋನಾರೇ. ಸಾಮಾನ್ಯವಾಗಿ 50 ಮತ್ತು 200 ಕಿಲೋಹರ್ಟ್ಸ್‌ನ ಎರಡು ಶಬ್ದ ಬಿಡುತ್ತದೆ. ತಾರಲೆ (ಬೂತಾಯಿ) ಮೀನಿನ ಹಿಂಡು ಪರದೆಯಲ್ಲಿ ಹೇಗೆ ಕಾಣುತ್ತದೆ, ಕೆಸರು ತಳ ಯಾವುದು, ಕಲ್ಲು ತಳ ಯಾವುದು ಎಂದು ಅವರು ಹೇಳುವುದನ್ನು ಬರೆದುಕೊಳ್ಳಿ. ಬಲೆ ಎಲ್ಲೆಲ್ಲಿ ಸಿಕ್ಕಿ ಹರಿಯುತ್ತದೆ ಎಂದೂ ಕೇಳಿ. ನಾಳೆ ನೀವು ಸಮುದ್ರದಲ್ಲಿ ಉಪಕರಣ ಕಟ್ಟಿ ಬಿಟ್ಟಾಗ ಅದು ಬಲೆಗೆ ಸಿಗದೆ ಉಳಿಯಬೇಕಾದರೆ, ಎಲ್ಲಿ ಬಿಡಬೇಕೆಂದು ಹೇಳಬೇಕಾದವರು ಅವರೇ.