ಸೆನ್ಸೇಷನ್ ಯಾವ ಕಪ್ ಗೆದ್ದಿತ್ತು?

ಶಿವಮೊಗ್ಗದ ಓದುಗರೊಬ್ಬರ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಡಾಗ್ ಶೋ ಲಾಂಛನದಲ್ಲಿರುವ ಸೆನ್ಸೇಷನ್ ಎಂಬ ಪಾಯಿಂಟರ್ ತಳಿಯ ಬೇಟೆನಾಯಿಯೇ ಅಲ್ಲಿನ ಮೊದಲ 'ಬೆಸ್ಟ್ ಇನ್ ಶೋ' (ಇಡೀ ಶೋನ ಅತ್ಯುತ್ತಮ ನಾಯಿ) ಅಂತ ಅವರ ಗೆಳೆಯರು ವಾದಿಸುತ್ತಾರಂತೆ. ಅದು ನಿಜವೇ? ಎರಡನೆಯದು, ಒಬ್ಬರು ಪಾಯಿಂಟರ್ ಮರಿಗೆ 'ಚಾಂಪಿಯನ್ ವಂಶ' ಅಂತ ಹೇಳಿ ದುಡ್ಡು ಜಾಸ್ತಿ ಕೇಳುತ್ತಿದ್ದಾರೆ. ಕೊಡಬಹುದೇ?

ಸಂಪಾದಕರ ಉತ್ತರ:

ನಿಮ್ಮ ಗೆಳೆಯರ ಮಾತು ಅರ್ಧ ಸರಿ. ಲಾಂಛನದಲ್ಲಿರುವುದು ಸೆನ್ಸೇಷನ್ನೇ. 1876ರಲ್ಲಿ ಇಂಗ್ಲೆಂಡಿನಿಂದ ತರಿಸಿದ ನಾಯಿ. ಬಿಳಿ ಮೈ, ಅದರ ಮೇಲೆ ತಿಳಿ ನಿಂಬೆ ಬಣ್ಣದ ಮಚ್ಚೆ. ಆದರೆ ಬೆಸ್ಟ್ ಇನ್ ಶೋ ಗೆಲ್ಲೋಕೆ ಆಗ ಆ ಬಹುಮಾನವೇ ಇರಲಿಲ್ಲ. ಮೊದಲ ಶೋ ನಡೆದದ್ದು 1877ರ ಮೇ 8ರಿಂದ. ಎಲ್ಲ ತಳಿಗಳ ಪೈಕಿ ಒಂದನ್ನು ಆರಿಸುವ ಪದ್ಧತಿ ಬಂದದ್ದು 1907ರಲ್ಲಿ. ಆ ವರ್ಷ ಗೆದ್ದದ್ದು ವಾರೆನ್ ರೆಮಿಡಿ ಅನ್ನೋ ಫಾಕ್ಸ್ ಟೆರಿಯರ್. ಅದೂ ಸತತ ಮೂರು ವರ್ಷ!

ಹಾಗಾದರೆ ಸೆನ್ಸೇಷನ್‌ಗೆ ಲಾಂಛನದ ಪಟ್ಟ ಯಾಕೆ? ಕ್ಲಬ್ ಹುಟ್ಟಿದ್ದೇ ಪಾಯಿಂಟರ್‌ಗಳಿಂದ. ಮ್ಯಾನ್‌ಹಟನ್ನಿನ ವೆಸ್ಟ್‌ಮಿನ್‌ಸ್ಟರ್ ಹೋಟೆಲಿನ ಬಾರಿನಲ್ಲಿ ಬೇಟೆಯ ಹುಚ್ಚಿನ ಕೆಲವರು ಸೇರುತ್ತಿದ್ದರು. ನನ್ನ ನಾಯಿ ಹೆಚ್ಚು, ನಿನ್ನ ನಾಯಿ ಹೆಚ್ಚು ಎಂಬ ಜಂಬದ ಮಾತು. ಕೊನೆಗೆ ಹೋಟೆಲಿನ ಹೆಸರಲ್ಲೇ ಕ್ಲಬ್ ಕಟ್ಟಿ ಪಾಯಿಂಟರ್ ಸಾಕಿದರು. ಮೊದಲ ಶೋಗೆ 1,201 ನಾಯಿಗಳು ಬಂದವು. ಮೂರು ದಿನಕ್ಕೆಂದು ಇಟ್ಟದ್ದು ನಾಲ್ಕನೇ ದಿನಕ್ಕೂ ಹೋಯಿತು. ಆ ದಿನದ ಹಣ ಪ್ರಾಣಿದಯಾ ಸಂಘಕ್ಕೆ ಹೋಯಿತು.

ಆಗ ಪಾಯಿಂಟರ್ ವಂಶದ ಬೆಲೆ ತೀರ್ಮಾನ ಆಗುತ್ತಿದ್ದದ್ದು ಹೊಲದಲ್ಲಿ, ಹಕ್ಕಿಯ ಮುಂದೆ. ನಾಯಿ ಗಾಳಿಗೆ ಮುಖ ಕೊಟ್ಟು ಎಡಕ್ಕೂ ಬಲಕ್ಕೂ ಹಾಯುತ್ತಾ ಓಡುತ್ತದೆ. ಪೊದೆಯಲ್ಲಿ ಕೌಜುಗ ಅಡಗಿದ ವಾಸನೆ ಬಡಿದರೆ, ಓಡುತ್ತಿದ್ದದ್ದು ಇದ್ದಲ್ಲೇ ನಿಂತುಬಿಡುತ್ತದೆ. ಮೂಗು ಮುಂದಕ್ಕೆ, ಬಾಲ ನೇರ, ಎಷ್ಟೋ ಸಲ ಮುಂಗಾಲೊಂದು ಮಡಚಿ ಮೇಲೆ. ಬೊಗಳೋ ಹಾಗಿಲ್ಲ, ಹಾರೋ ಹಾಗಿಲ್ಲ. ಬಂದೂಕಿನವನು ನಡೆದು ಬರುವ ತನಕ ಅಲ್ಲಾಡಬಾರದು. ಜೊತೆಗೆ ಬಿಟ್ಟ ಎರಡನೇ ನಾಯಿ ದೂರದಿಂದ ಇದನ್ನು ನೋಡಿದರೆ, ತನಗೆ ವಾಸನೆ ಸಿಗದಿದ್ದರೂ ಅಲ್ಲೇ ನಿಲ್ಲಬೇಕು. ನನಗಂತೂ ಮೊದಲನೆಯದಕ್ಕಿಂತ ಈ ಎರಡನೇ ನಾಯಿಯೇ ದೊಡ್ಡ ಸೋಜಿಗ.

ಇಂಥ ನಾಯಿಗೆ ಜನ ಎಷ್ಟು ಕೊಡುತ್ತಿದ್ದರು ಗೊತ್ತಾ? 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಕರ್ನಲ್ ಥಾರ್ನ್‌ಟನ್ ಬಳಿ ಡ್ಯಾಶ್ ಎಂಬ ಪಾಯಿಂಟರ್ ಇತ್ತು. ಸರ್ ರಿಚರ್ಡ್ ಸೈಮನ್ಸ್ ಅದನ್ನು ಕೊಂಡದ್ದು 160 ಪೌಂಡ್ ಬೆಲೆಯ ಶಾಂಪೇನ್ ಮತ್ತು ಬರ್ಗಂಡಿ, ಒಂದು ದೊಡ್ಡ ಪೀಪಾಯಿ ಕ್ಲಾರೆಟ್ ಎಂಬ ಕೆಂಪು ವೈನ್, ಒಂದು ಚೆಂದದ ಬಂದೂಕು, ಜೊತೆಗೆ ಇನ್ನೊಂದು ಪಾಯಿಂಟರ್ ಕೊಟ್ಟು. ಕರಾರು ಏನಪ್ಪಾ ಅಂದ್ರೆ, ಪೆಟ್ಟಾಗಿ ನಾಯಿ ಕೆಲಸಕ್ಕೆ ಬಾರದಂತಾದರೆ 50 ಗಿನಿಗೆ (ಗಿನಿ ಆಗಿನ ಚಿನ್ನದ ನಾಣ್ಯ) ಕರ್ನಲ್‌ಗೇ ವಾಪಸ್. ಡ್ಯಾಶ್‌ನ ಕಾಲು ಮುರಿಯಿತು, ಕರಾರಿನಂತೆ ವಾಪಸ್ಸೂ ಬಂತು. ಕರ್ನಲ್ ಅದನ್ನು ಮರಿ ಹಾಕಿಸೋಕೆ ಇಟ್ಟುಕೊಂಡ. ಕಾಲು ಹೋದರೂ ರಕ್ತಕ್ಕೆ ಬೆಲೆ ಇತ್ತು. ತಮಾಷೆ ಅಂದ್ರೆ, ಈ ಡ್ಯಾಶ್ 'ಶುದ್ಧ' ತಳಿಯೇ ಅಲ್ಲ, ಅರ್ಧ ಫಾಕ್ಸ್‌ಹೌಂಡ್, ಅಂದ್ರೆ ನರಿ ಬೇಟೆಯ ನಾಯಿ. ನಿಧಾನದ ಸ್ಪ್ಯಾನಿಷ್ ಪಾಯಿಂಟರ್‌ಗೆ ಓಟ ಬರಲಿ ಅಂತ ಅವರು ಹೀಗೆ ಬೆರೆಸುತ್ತಿದ್ದರು.

ಶೋ ಬಂದದ್ದು ಆಮೇಲೆ. 1859ರ ಜೂನ್‌ನಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪಾಯಿಂಟರ್ ಮತ್ತು ಸೆಟ್ಟರ್‌ಗಳಿಗೆ (ಇವೂ ಹಕ್ಕಿ ಬೇಟೆಯ ನಾಯಿಗಳೇ) ಮಾತ್ರ ಪ್ರದರ್ಶನ ನಡೆಯಿತು. ಬಹುಮಾನ ಬಂದೂಕು. ಪಾಯಿಂಟರ್‌ಗಳ ತೀರ್ಪುಗಾರರೊಬ್ಬರ ನಾಯಿ ಸೆಟ್ಟರ್‌ನಲ್ಲಿ ಗೆದ್ದಿತು, ಸೆಟ್ಟರ್‌ಗಳ ತೀರ್ಪುಗಾರರೊಬ್ಬರ ನಾಯಿ ಪಾಯಿಂಟರ್‌ನಲ್ಲಿ! ಇದನ್ನು ಓದಿ ನಾನಂತೂ ಜೋರಾಗಿ ನಕ್ಕೆ. ಹೊಲದಲ್ಲಿ ಪರೀಕ್ಷೆ ಮಾಡುವ ಫೀಲ್ಡ್ ಟ್ರಯಲ್ 1865ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಶುರುವಾಯಿತು. 1873ರಲ್ಲಿ ಲಂಡನ್ನಿನ ಕೆನೆಲ್ ಕ್ಲಬ್ ಹುಟ್ಟಿ ವಂಶದ ಲೆಕ್ಕ ಪುಸ್ತಕಕ್ಕೆ ಹತ್ತಿತು. ಅಲ್ಲಿಂದ ದಾರಿ ನಿಧಾನಕ್ಕೆ ಎರಡಾಯಿತು. ಕೆಲವರು ಓಟಕ್ಕೂ ಮೂಗಿಗೂ ಮರಿ ಹಾಕಿಸಿದರು, ಕೆಲವರು ರಿಂಗ್‌ನಲ್ಲಿ, ಅಂದ್ರೆ ಶೋನ ಅಂಕಣದಲ್ಲಿ, ನಿಲ್ಲುವ ಚೆಂದಕ್ಕೆ. ರಿಂಗ್‌ನಲ್ಲಿ ಜಡ್ಜ್ ಭುಜ ಮುಟ್ಟಿ, ಹಲ್ಲು ನೋಡಿ, ಒಂದು ಸುತ್ತು ಓಡಿಸುತ್ತಾರೆ. ಹಕ್ಕಿಯ ವಾಸನೆ ಅಲ್ಲೆಲ್ಲಿ ಬರಬೇಕು?

ಪಾಯಿಂಟರ್ ಪ್ರಿಯರೇ ಕಟ್ಟಿದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಾಯಿಂಟರ್ ಅಗ್ರ ಬಹುಮಾನ ಗೆಲ್ಲೋಕೆ 1925ರವರೆಗೆ ಕಾಯಬೇಕಾಯಿತು. ಆಗ ಗೆದ್ದದ್ದು ಗವರ್ನರ್ ಮಾಸ್ಕೋ. ಆಮೇಲೆ 1932ರಲ್ಲಿ ನ್ಯಾನ್‌ಕಾಲೆತ್ ಮಾರ್ಕಬಲ್, 1986ರಲ್ಲಿ ಮಾರ್ಜೆಟಾ ನ್ಯಾಷನಲ್ ಅಕ್ಲೇಮ್. ಜರ್ಮನ್ ಷಾರ್ಟ್‌ಹೇರ್ಡ್ ಪಾಯಿಂಟರ್ ಬೇರೆ ತಳಿ. ಅದರಲ್ಲಿ 2005ರಲ್ಲಿ ಕಾರ್ಲಿ ಗೆದ್ದಿತು, 2016ರಲ್ಲಿ ಅದರ ಮೊಮ್ಮಗ ಸಿಜೆ. ರಕ್ತಕ್ಕೆ ಬೆಲೆ ಇಲ್ಲ ಅಂತ ಯಾರೂ ಹೇಳಲಾರರು. ಆದರೆ ಅಜ್ಜಿಯ ಹೆಸರಿದ್ದ ಮಾತ್ರಕ್ಕೆ ಎಲ್ಲ ಮೊಮ್ಮಕ್ಕಳೂ ಸಿಜೆ ಆಗಲ್ಲ, ಅಲ್ವಾ?

ಈಗ ನಿಮ್ಮ ಮರಿ. 'ಚಾಂಪಿಯನ್ ವಂಶ' ಅಂದ್ರೆ ಯಾವ ಚಾಂಪಿಯನ್, ಎಷ್ಟು ತಲೆಮಾರು ಹಿಂದೆ ಅಂತ ಕೇಳಿ. ಅಪ್ಪ ಅಮ್ಮ ಗೆದ್ದಿದ್ದರೆ ಒಂದು ಮಾತು, ಮುತ್ತಜ್ಜ ಒಬ್ಬನೇ ಗೆದ್ದಿದ್ದರೆ ಅದು ಸುಮ್ನೆ ಹೆಸರು. ಕೆನೆಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಕಾಗದವನ್ನು ಕಣ್ಣಾರೆ ನೋಡಿ, ತಾಯಿ ನಾಯಿಯನ್ನೂ ನೋಡಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಕೌಜುಗದ ಬೇಟೆ ಅಪರಾಧ. ಹಾಗಾಗಿ ಹೊಲದಲ್ಲಿ ನಿಮ್ಮ ನಾಯಿಯ ಪರೀಕ್ಷೆ ಆಗಲ್ಲ, ನಿಮಗೆ ಸಿಗುವ ಚಾಂಪಿಯನ್‌ಗಳು ರಿಂಗ್‌ನವೇ. ಶೋಗೆ ಕರೆದೊಯ್ಯುವ ಆಸೆ ಇದ್ದರೆ ಆ ಹೆಚ್ಚಿನ ದುಡ್ಡು ಕೊಡಿ. ಮನೆಯಲ್ಲಿ ಸಾಕೋಕೆ ಮಾತ್ರ ಆದರೆ ಬೇಡ. ಆ ದುಡ್ಡಿನಲ್ಲಿ ಅಂಗಳಕ್ಕೆ ಬೇಲಿ ಹಾಕಿಸಿ. ಪಾಯಿಂಟರ್‌ಗೆ ದಿನಾ ಚೆನ್ನಾಗಿ ಓಡೋಕೆ ಜಾಗ ಬೇಕೇ ಬೇಕು.