ಬಾಟನಿ ಓದಿದವರು ಬೆಳೆಗಳ ಜೀನ್ ಎಡಿಟಿಂಗ್‌ಗೆ ಹೋಗುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ, ಬಿ.ಎಸ್ಸಿ. ಬಾಟನಿ ಕೊನೆಯ ವರ್ಷ, ಹಳದಿ ಎಲೆ ರೋಗ ಬಾರದ ಅಡಿಕೆ ತಯಾರಿಸುವ ಆಸೆ, ಕ್ರಿಸ್ಪರ್ (ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸಿ ಬದಲಿಸುವ ವಿಧಾನ) ಎಲ್ಲಿ ಕಲಿಯಬೇಕು?

ಮೊದಲು ಟಿಶ್ಯೂ ಕಲ್ಚರ್, ಅಂದರೆ ಬಾಟಲಿಯಲ್ಲಿ ಕೋಶಗಳಿಂದ ಗಿಡ ಬೆಳೆಸುವುದನ್ನು, ಕಲಿಯಿರಿ ಎನ್ನುತ್ತೇನೆ. ಎಲ್ಲಿ ಕತ್ತರಿಸಬೇಕೆಂದು ದಾರಿ ತೋರಿಸುವ ಗೈಡ್ ಆರ್‌ಎನ್‌ಎ ವಿನ್ಯಾಸ ಕಷ್ಟವಲ್ಲ. ಡಿಎನ್‌ಎಯಲ್ಲಿ ಎನ್‌ಜಿಜಿ (ಯಾವುದಾದರೂ ಒಂದು ಅಕ್ಷರ, ಆಮೇಲೆ ಎರಡು ಜಿ) ಇರುವ ಜಾಗದ ಪಕ್ಕದ 20 ಬೇಸ್ (ಡಿಎನ್‌ಎ ಅಕ್ಷರ) ಆರಿಸುತ್ತೀರಿ, ಎನ್‌ಜಿಜಿಯಿಂದ 3 ಬೇಸ್ ಹಿಂದೆ ಕ್ಯಾಸ್9 ಎಂಬ ಕತ್ತರಿ ಪ್ರೋಟೀನ್ ಕತ್ತರಿಸುತ್ತದೆ. ಎಡಿಟ್ ಆದ ಒಂದು ಕೋಶದಿಂದ ಇಡೀ ಗಿಡ ಎಬ್ಬಿಸುವಲ್ಲಿಯೇ ಹೆಚ್ಚಿನವರು ಸೋಲುವುದು.

ಕೈ ಪಳಗಲು ಭತ್ತ ಒಳ್ಳೆಯದು. ಸಿಪ್ಪೆ ಸುಲಿದ ಕಾಳನ್ನು ಲೀಟರಿಗೆ 2 ಮಿ.ಗ್ರಾಂ 2,4-ಡಿ (ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುವ ರಾಸಾಯನಿಕ) ಇರುವ ಮಾಧ್ಯಮದಲ್ಲಿಟ್ಟರೆ ಮೂರು-ನಾಲ್ಕು ವಾರದಲ್ಲಿ ಕ್ಯಾಲಸ್, ಅಂದರೆ ರೂಪ ಪಡೆಯದ ಕೋಶಗಳ ಉಂಡೆ, ಸಿಗುತ್ತದೆ. ತಿಳಿಹಳದಿಯ, ಗಟ್ಟಿ ಉಂಡೆಗಳನ್ನೇ ಆರಿಸಿ. ನೀರು ನೀರಾದದ್ದು ಗಿಡ ಕೊಡುವುದಿಲ್ಲ. ಕ್ಯಾಸ್9 ಮತ್ತು ಗೈಡ್‌ನ ಜೀನ್‌ಗಳನ್ನು ಕೋಶದೊಳಗೆ ಸೇರಿಸುವ ಅಗ್ರೋಬ್ಯಾಕ್ಟೀರಿಯಮ್ ಎಂಬ ಬ್ಯಾಕ್ಟೀರಿಯಾ ಜೊತೆ ಕ್ಯಾಲಸ್ 2-3 ದಿನ ಇದ್ದರೆ ಸಾಕು. ಹೆಚ್ಚಾದರೆ ಬ್ಯಾಕ್ಟೀರಿಯಾ ಕ್ಯಾಲಸ್‌ನ್ನೇ ಮುಚ್ಚಿಬಿಡುತ್ತದೆ, ಆಮೇಲೆ ಅದನ್ನು ಕೊಲ್ಲುವ ಸೆಫೋಟ್ಯಾಕ್ಸಿಮ್ ಆ್ಯಂಟಿಬಯೋಟಿಕ್ ಲೀಟರಿಗೆ 250 ಮಿ.ಗ್ರಾಂ ಹಾಕಿದರೂ ಕ್ಯಾಲಸ್ ಉಳಿಯುವುದು ಕಷ್ಟ. ಜೀನ್ ಸೇರಿದ ಕೋಶಗಳನ್ನಷ್ಟೇ ಉಳಿಸಿಕೊಳ್ಳಲು ಹೈಗ್ರೋಮೈಸಿನ್ ಆ್ಯಂಟಿಬಯೋಟಿಕ್, ಲೀಟರಿಗೆ ಸುಮಾರು 50 ಮಿ.ಗ್ರಾಂ. ತಿಂಗಳುಗಟ್ಟಲೆ ಹೊಸ ಮಾಧ್ಯಮಕ್ಕೆ ದಾಟಿಸುತ್ತ ಬಂದ ಹಳೆ ಕ್ಯಾಲಸ್ ಚಿಗುರುವ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮ ಕಡೆ ಬೆಳೆಯುವ ಇಂಡಿಕಾ ಗುಂಪಿನ ಭತ್ತದ ತಳಿಗಳು ಜಪೋನಿಕಾ ಗುಂಪಿನವಕ್ಕಿಂತ ಹಠಮಾರಿ.

ಇನ್ನೊಂದು ತಪ್ಪು ಬಹಳ ಸಾಮಾನ್ಯ: ಡೇಟಾಬೇಸ್‌ನ ಜೀನೋಮ್ ನೋಡಿ ಗೈಡ್ ಬರೆಯುವುದು. ನಿಮ್ಮ ತಳಿಯಲ್ಲಿ ಆ ಜಾಗದ ಒಂದು ಅಕ್ಷರ ಬೇರೆಯಿದ್ದರೂ ಗೈಡ್ ಕೂರದೆ ಹೋಗಬಹುದು. ನಿಮ್ಮದೇ ತಳಿಯ ಆ ತುಂಡನ್ನು ಮೊದಲು ಸೀಕ್ವೆನ್ಸ್ ಮಾಡಿಸಿ.

ಗಿಡ ಬಂದ ಮೇಲೆ ಹೊರಗಿನಿಂದ ಸೇರಿಸಿದ ಕ್ಯಾಸ್9 ಜೀನ್ ತೆಗೆಯಬೇಕು. ಅದು ಗಿಡದ ಜೀನೋಮ್‌ನಲ್ಲಿ ಒಂದೇ ಕಡೆ ಸೇರಿದ್ದರೆ, ಸ್ವಪರಾಗಸ್ಪರ್ಶದಿಂದ ಬಂದ ಮುಂದಿನ ಪೀಳಿಗೆಯ ನಾಲ್ಕನೇ ಒಂದು ಭಾಗ ಸಸಿಗಳಲ್ಲಿ ಅದು ಇರುವುದಿಲ್ಲ. ಹೊರಗಿನ ಡಿಎನ್‌ಎ ಉಳಿಯದ ಎಸ್‌ಡಿಎನ್-1, ಎಸ್‌ಡಿಎನ್-2 (ಗಿಡದ್ದೇ ಜೀನ್‌ನಲ್ಲಿ ಸಣ್ಣ ಬದಲಾವಣೆ ಮಾಡುವ ಎರಡು ಬಗೆ) ಗಿಡಗಳಿಗೆ ಕೇಂದ್ರ ಸರಕಾರ 2022ರ ಮಾರ್ಚ್‌ನಲ್ಲಿ ಜಿಎಂ (ಕುಲಾಂತರಿ) ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಸಾಂಬಾ ಮಸೂರಿ ಮತ್ತು ಎಂಟಿಯು 1010ರಿಂದ ಎಡಿಟ್ ಮಾಡಿದ ಎರಡು ಭತ್ತದ ತಳಿಗಳು 2025ರ ಮೇಯಲ್ಲಿ ಘೋಷಣೆಯಾದದ್ದು ಈ ದಾರಿಯಲ್ಲೇ.

ಅಡಿಕೆಯಲ್ಲಿ ಸಂಕಟ ಇಲ್ಲಿಯೇ. ಹಿಂಗಾರ ಬಿಡಲು ನಾಲ್ಕೈದು ವರ್ಷ ಬೇಕು, ಕ್ಯಾಸ್9 ಬೇರ್ಪಡಿಸಲು ಅಷ್ಟು ಕಾಯಬೇಕು. ಎಳೆ ಹಿಂಗಾರದಿಂದ ಗಿಡ ಎಬ್ಬಿಸುವ ವಿಧಾನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳ ಕೈಯಲ್ಲಿದೆ. ಆದರೆ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ, ಕೋಶಭಿತ್ತಿಯಿಲ್ಲದ ಬ್ಯಾಕ್ಟೀರಿಯಾದ್ದು. ಅಡಿಕೆಯ ಯಾವ ಜೀನ್ ಅದಕ್ಕೆ ಬಾಗಿಲು ತೆರೆಯುತ್ತದೆ ಎಂದು ಗೊತ್ತಾಗದೆ ಕತ್ತರಿ ಹಿಡಿದು ಪ್ರಯೋಜನವಿಲ್ಲ. ಭತ್ತದ ದುಂಡಾಣು ಅಂಗಮಾರಿಯಲ್ಲಿ ರೋಗಾಣುವಿಗೆ ಬಾಗಿಲು ತೆರೆಯುವ, ಸಕ್ಕರೆ ಸಾಗಿಸುವ ಸ್ವೀಟ್ (SWEET) ಜೀನ್‌ಗಳು ಹಾಗೆ ಗೊತ್ತಾದ ಮೇಲೆಯೇ ಎಡಿಟಿಂಗ್ ಕೈಗೂಡಿತು. ಅಡಿಕೆಯಲ್ಲಿ ಆ ಜೀನ್ ಹುಡುಕುವುದೇ ಒಂದು ಪಿಎಚ್‌ಡಿಗೆ ತಕ್ಕ ಕೆಲಸ.

ಓದಿಗೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಹತ್ತಿರವಿದೆ, ಅದರ ಎಂ.ಎಸ್ಸಿ.ಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಿರಿ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕಾಸರಗೋಡಿನ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐಯಲ್ಲಿ ಅವಕಾಶ ವಿಚಾರಿಸಿ. ಆಮೇಲೆ ಪಿಎಚ್‌ಡಿ ಫೆಲೋಶಿಪ್‌ಗೆ ಸಿಎಸ್‌ಐಆರ್-ನೆಟ್ ಅಥವಾ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ)ಯ ಬೆಟ್ ಪರೀಕ್ಷೆ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂ. ಪಿಎಚ್‌ಡಿಗೆ ಐದು ವರ್ಷ ಲೆಕ್ಕ ಹಾಕಿ. ಲ್ಯಾಬ್ ಆರಿಸುವಾಗ ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಬೇಕಾದ್ದು ಒಂದೇ: ಕಳೆದ ವರ್ಷ ಎಡಿಟ್ ಆದ ಎಷ್ಟು ಗಿಡ ಬಾಟಲಿಯಿಂದ ಮಣ್ಣಿಗೆ ಇಳಿದು ಬದುಕಿದವು?